ಕಲ್ಲುಗುಂಡಿಯ ಏಳನೇ ಫೋಟೋ

ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದಾಗ ಗುಂಡಣ್ಣನ ಕೈಯಲ್ಲಿದ್ದ ಕಾಫಿ ತುಳುಕಿ ಪಂಚೆಯ ಮೇಲೆ ಚೆಲ್ಲಿತು. ಪೊಲೀಸರೇ ಬಂದರೆಂದುಕೊಂಡ. ಎರಡು ವಾರದಿಂದ ಅವನ ಪಾಡು ಇದೇ. ಹಾಲಿನವನು ಕೂಗಿದರೂ ಕೈದಿಯ ಹಾಗೆ ಎದ್ದು ನಿಲ್ಲುತ್ತಿದ್ದ.

"ಹೋಗಿ ತೆಗಿಯೋ. ಪೊಲೀಸ್ನೋರು ಅಷ್ಟು ಮೆತ್ತಗೆ ತಟ್ಟಲ್ಲ," ಎಂದು ಅಡುಗೆಮನೆಯಿಂದ ಅಕ್ಕ ಅಲಮೇಲು ಕೂಗಿದಳು.

ಬಾಗಿಲಲ್ಲಿ ನಿಂತಿದ್ದವಳು ಸತ್ಯವತಿ, ಸತ್ತ ಉಪೇಂದ್ರನ ಹೆಂಡತಿ. ಎದೆಗೆ ಒಂದು ಬಟ್ಟೆಚೀಲ ಅವುಚಿಕೊಂಡಿದ್ದಳು. ಗುಂಡಣ್ಣನ ಮುಖ ಕಂಡೊಡನೆ ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಒಂದು ಹೆಜ್ಜೆ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಷ್ಟೋ ಭಾನುವಾರ ಅವಳ ಕೈಯ ಬಿಸಿಬೇಳೆ ಉಂಡವನು ಅವನು. ಈಗ ಅವಳಿಗೂ ತನ್ನ ಮೇಲೆ ಅನುಮಾನ.

"ಟೀಚರ್," ಎಂದಳು ಸತ್ಯವತಿ, ಅಲಮೇಲು ಹೊರಬಂದ ಮೇಲೆ. "ನಿನ್ನೆ ವೈಕುಂಠ ಸಮಾರಾಧನೆ ಮುಗೀತು. ಮೊದಲು ಇಲ್ಲಿಗೇ ಬಂದೆ. ಅವರು ಕಾಲು ಜಾರಿ ಬಿದ್ರು ಅಂತಾರೆ ಪೊಲೀಸ್ನೋರು. ನನಗೆ ನಂಬಿಕೆ ಇಲ್ಲ. ಆದ್ರೆ ನಿಮ್ಮ ತಮ್ಮನೇ ಏನಾದ್ರೂ ಅಂತ ಗೊತ್ತಾದ್ರೆ, ನೀವು ಮುಚ್ಚಿಡ್ತೀರಾ?"

"ಮುಚ್ಚಿಡಲ್ಲ," ಎಂದಳು ಅಲಮೇಲು. "ಕೂತ್ಕೊ."

ಅಕ್ಕ ಹಾಗೆ ಹೇಳಿದರೆ ಹಾಗೇ ಮಾಡುವವಳು. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪರೀಕ್ಷೆಯ ಕೋಣೆ ಕಾದು, ಕಾಪಿ ಹೊಡೆಯುವವರನ್ನು ಉಸಿರಾಟದಿಂದಲೇ ಹಿಡಿಯುತ್ತಿದ್ದ ಹೆಡ್‌ಮಿಸ್ಟ್ರೆಸ್. ನಿವೃತ್ತಿಯಾದ ಮೇಲೆ ಆರ್.ಟಿ. ನಗರದ ಈ ಬಡಾವಣೆಯಲ್ಲಿ ಕಳೆದುಹೋದ ಸರದಿಂದ ಹಿಡಿದು ಸಹಿಯಿಲ್ಲದ ಪತ್ರದವರೆಗೆ ಏನೇ ಆದರೂ ಜನ ಮೊದಲು ತಟ್ಟುವುದು ಅವಳ ಬಾಗಿಲನ್ನೇ. ಟೆಲಿಫೋನ್ ಇಲಾಖೆಯ ಗುಮಾಸ್ತನಾದ ಗುಂಡಣ್ಣ ಮದುವೆಯಾಗದೆ ಅಕ್ಕನ ಜೊತೆಗೇ ಉಳಿದಿದ್ದ. ಧೈರ್ಯದ ವಿಷಯದಲ್ಲಿ ದೇವರು ಇಬ್ಬರ ಪಾಲನ್ನೂ ಅಕ್ಕನಿಗೇ ಬಡಿಸಿಬಿಟ್ಟಿದ್ದ.

"ಆ ದಿನ ಏನಾಯ್ತು, ಇವಳ ಎದುರಿಗೇ ಇನ್ನೊಂದ್ಸಲ ಹೇಳು. ಏನೂ ಬಿಡ್ಬೇಡ," ಎಂದಳು ಅಕ್ಕ.

ಗುಂಡಣ್ಣ ಹೇಳಿದ. ನಾಲ್ವರು ಗೆಳೆಯರು ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಸೈಕಲ್ ಹತ್ತುವುದು ಆರು ವರ್ಷದ ಪದ್ಧತಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಲೆಕ್ಚರರ್ ಉಪೇಂದ್ರನಿಗೆ ಹಕ್ಕಿಗಳ ಹುಚ್ಚು. ಯಶವಂತಪುರ ಸ್ಟೇಷನ್ ಎದುರು ಸ್ಟುಡಿಯೋ ಇಟ್ಟಿರುವ ಸೇತುರಾಮ ಕಸುಬುದಾರ. ವಾಪಸ್ ಬರುವಾಗ ಎಲ್ಲರೂ ತಮ್ಮ ಫಿಲ್ಮ್ ಸುರುಳಿಯನ್ನು ಅವನ ಚೀಲಕ್ಕೆ ಹಾಕುತ್ತಿದ್ದರು. ತೊಳೆದು ಪ್ರಿಂಟ್ ಹಾಕಿಕೊಡುವುದು ಅವನದೇ ಹಕ್ಕು. ಚಿಕ್ಕಬಾಣಾವರದ ಸೈಕಲ್ ಶಾಪಿನ ಬೈರಣ್ಣನ ಬಳಿ ಕ್ಯಾಮೆರಾ ಇರಲಿಲ್ಲ, ಪಂಪು ಮತ್ತು ಪಂಕ್ಚರ್ ಸಾಮಾನು ಇತ್ತು. ನಾಲ್ಕನೆಯವನು ಗುಂಡಣ್ಣ, ಡಬ್ಬಿ ಕ್ಯಾಮೆರಾದವನು.

೧೯೭೯ರ ನವೆಂಬರಿನ ಆ ಭಾನುವಾರ ಅವರು ಹೋದದ್ದು ಚಿಕ್ಕಬಾಣಾವರದಾಚೆ ಕಲ್ಲುಗುಂಡಿಗೆ. ಕಲ್ಲು ಒಡೆಯುವುದು ನಿಂತುಹೋದ ಹಳೆಯ ಕ್ವಾರಿ ಅದು. ಪೂರ್ವಕ್ಕೆ ಚಪ್ಪಟೆ ಬಂಡೆ, ಅದರ ತುದಿಯಲ್ಲಿ ನಲವತ್ತಡಿ ಕಡಿದಾದ ಗೋಡೆ, ಕೆಳಗೆ ಕಪ್ಪು ನೀರು. ಗೋಡೆಯ ಪೊಟರೆಯಲ್ಲಿ ಕೊಂಬಿನ ಗೂಬೆ ಮರಿ ಮಾಡಿದೆಯೆಂದು ಉಪೇಂದ್ರ ಕುಣಿಯುತ್ತಿದ್ದ. ಉಪ್ಪಿಟ್ಟು ತಿಂದು ಎಂಟು ಗಂಟೆಗೆ ಚದುರಿದರು. ಉಪೇಂದ್ರ ಬಂಡೆಯ ಕಡೆ ನಡೆದ. ಸೇತುರಾಮ ರೈಲು ಹಳಿಯ ಕಡೆ ಹೋಗುತ್ತೇನೆಂದ. ಬೈರಣ್ಣ ರಸ್ತೆಯಲ್ಲಿ ಪಂಕ್ಚರ್ ಹಾಕಲು ಕೂತ.

"ನೀನು?" ಎಂದಳು ಸತ್ಯವತಿ.

ಗುಂಡಣ್ಣ ನೆಲ ನೋಡಿದ. "ನಾನು... ನೀರಿನ ಬಾಟ್ಲು ತಗೊಂಡು ಲಂಟಾನದ ಪೊದೆ ಹಿಂದಕ್ಕೆ ಹೋಗಿದ್ದೆ. ಅದಕ್ಕೆ ಸಾಕ್ಷಿ ಎಲ್ಲಿಂದ ತರಲಿ?"

ಆಗಲೇ ಆ ಕೂಗು ಕೇಳಿದ್ದು. ಅವನು ತಟ್ಟನೆ ಏಳುವ ಸ್ಥಿತಿಯಲ್ಲಿರಲಿಲ್ಲ. ಎರಡು ನಿಮಿಷ ಕಳೆದು ಓಡಿ ಬಂದಾಗ ಬಂಡೆಯ ಮೇಲೆ ನರಪಿಳ್ಳೆಯಿಲ್ಲ. ತುದಿಯಲ್ಲಿ ನಿಂತು ಬಗ್ಗಿದರೆ ಕಪ್ಪು ನೀರಿನಲ್ಲಿ ಬಿಳಿ ಅಂಗಿ ಬೋರಲಾಗಿ ತೇಲುತ್ತಿತ್ತು. ಅದೇ ಹೊತ್ತಿಗೆ ಬೈರಣ್ಣ ಬಂದ. ಅವನ ಕಣ್ಣಿಗೆ ಬಿದ್ದದ್ದು ತುದಿಯಲ್ಲಿ ಒಂಟಿಯಾಗಿ ನಿಂತ ಗುಂಡಣ್ಣ. ಕೊನೆಗೆ ಹಳಿಯ ಕಡೆಯಿಂದ ಸೇತುರಾಮ ಏದುಸಿರು ಬಿಡುತ್ತಾ ಬಂದು ತಲೆ ಚಚ್ಚಿಕೊಂಡು ಅತ್ತ. ಇನ್‌ಸ್ಪೆಕ್ಟರ್ ಪಿಳ್ಳಣ್ಣ ಅಪಘಾತವೆಂದು ಬರೆದುಕೊಂಡರೂ ಗುಂಡಣ್ಣನನ್ನು ಎರಡು ಸಲ ಸ್ಟೇಷನ್ನಿಗೆ ಕರೆಸಿ, "ಊರು ಬಿಟ್ಟು ಎಲ್ಲೂ ಹೋಗ್ಬೇಡಿ," ಎಂದಿದ್ದರು. ಅಂದಿನಿಂದ ಗುಂಡಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಸತ್ಯವತಿ ಬಟ್ಟೆಚೀಲದಿಂದ ಚರ್ಮದ ಚೀಲದ ಸಮೇತ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಎರಡು ಕಣ್ಣಿನ ಕ್ಯಾಮೆರಾ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು.

"ಪೊಲೀಸ್ನೋರು ಮಾರನೇ ದಿನವೇ ವಾಪಸ್ ಕೊಟ್ರು. ಸೂತಕ ಕಳೆಯೋವರೆಗೂ ಹೋದೋರ ಸಾಮಾನು ಯಾರೂ ಮುಟ್ಟಬಾರದು ಅಂತ ನಮ್ಮತ್ತೆ ಬೀರುವಿಗೆ ಹಾಕಿ ಬೀಗ ಹಾಕಿದ್ರು. ಸೇತುರಾಮ್ ಅವರು ಮೂರು ಸಲ ಬಂದು ಕೇಳಿದ್ರು. ಕೊನೇ ಫಿಲ್ಮು, ನಾನೇ ತೊಳೆದುಕೊಡ್ತೀನಿ ಅಂತ. ಅತ್ತೆ ಜಗ್ಗಲಿಲ್ಲ."

"ಇದು ಎಲ್ಲಿತ್ತು ಗುಂಡ?" ಎಂದಳು ಅಲಮೇಲು.

"ಬಂಡೆ ಮೇಲೇ. ಒಂದು ಗುಂಡುಕಲ್ಲಿನ ನೆರಳಲ್ಲಿ, ಹೀಗೇ ಚರ್ಮದ ಚೀಲದಲ್ಲಿ."

"ಗುಂಡಿ ಹಾಕಿತ್ತಾ?"

"ಹಾಕಿತ್ತು. ಕೆಳಗಿಟ್ಟು ಬಗ್ಗಿ ನೋಡೋಕೆ ಹೋಗಿ ಜಾರಿದಾನೆ ಅಂದ್ರು ಇನ್‌ಸ್ಪೆಕ್ಟರ್."

ಅಲಮೇಲು ಕನ್ನಡಕ ಏರಿಸಿ, ಚರ್ಮದ ಚೀಲ ಬಿಚ್ಚಿ, ಕ್ಯಾಮೆರಾ ಹೊರತೆಗೆದು ತಿರುಗಿಸಿ ನೋಡಿದಳು. ಪಕ್ಕದ ಕಿಟಕಿಯಲ್ಲಿ ಏಳು ಎಂಬ ಅಂಕಿ ಕಾಣುತ್ತಿತ್ತು. "ಒತ್ತಿದ್ರೆ ಒಂದು ಫೋಟೋ ಹಾಳಾಗುತ್ತೆ ಅಕ್ಕ!" ಎಂದು ಗುಂಡಣ್ಣ ಅನ್ನುವಷ್ಟರಲ್ಲಿ ಅವಳು ಗುಂಡಿ ಒತ್ತಿಯಾಗಿತ್ತು. ಅದು ಅಲುಗಲಿಲ್ಲ.

"ಕೆಟ್ಟಿದೆಯಾ?"

"ಇಲ್ಲ. ಏಳನೇದು ತೆಗೆದಾಗಿದೆ. ಪಕ್ಕದ ಹಿಡಿ ತಿರುಗಿಸಿದ್ರೆ ಎಂಟನೇದಕ್ಕೆ ಹೋಗುತ್ತೆ, ಆಮೇಲೇ ಗುಂಡಿ ಒತ್ತೋಕಾಗೋದು." ಹೇಳುತ್ತಿದ್ದ ಗುಂಡಣ್ಣ ಇದ್ದಕ್ಕಿದ್ದಂತೆ ನಿಂತ. "ಆದ್ರೆ ಉಪೇಂದ್ರ ಹಾಗೆ ಬಿಡೋನೇ ಅಲ್ಲವಲ್ಲ! ಕ್ಲಿಕ್ ಅಂದ ಮರುಕ್ಷಣ ಕರ್ರ್ ಅಂತ ತಿರುಗಿಸ್ತಿದ್ದ. ನೀನು ತಿರುಗಿಸೋವರೆಗೂ ಹಕ್ಕಿ ಕೂತಿರುತ್ತೇನೋ ಅಂತ ನನ್ನ ಬೈತಿದ್ದ. ಅದಕ್ಕೆ ಸೇತು ಜೊತೆ ಪ್ರತಿ ಭಾನುವಾರ ಜಗಳ. ತಿರುಗಿಸಿಟ್ರೆ ಒಳಗಿನ ಸ್ಪ್ರಿಂಗ್ ಸೋಲುತ್ತೆ, ತೆಗೆಯೋ ಮುಂಚೆ ಮಾತ್ರ ತಿರುಗಿಸ್ಬೇಕು ಅಂತ ಸ್ಟುಡಿಯೋದೋರ ವಾದ."

ಅಲಮೇಲು ಚರ್ಮದ ಚೀಲದ ಜೇಬಿಗೆ ಬೆರಳು ಹಾಕಿ ನಾಲ್ಕು ಮಡಿಕೆಯ ಪತ್ರಿಕೆಯ ತುಣುಕೊಂದನ್ನು ಎಳೆದಳು. ಮಂಜು ಕವಿದ ಕೆರೆ ಏರಿ, ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ, ಮೊಣಕಾಲಿನವರೆಗೆ ಮಡಿಸಿದ ಒಂದು ಪ್ಯಾಂಟಿನ ಕಾಲು. ಕೆಳಗೆ, "ರಾಜ್ಯ ಛಾಯಾಚಿತ್ರ ಸ್ಪರ್ಧೆ, ಪ್ರಥಮ ಬಹುಮಾನ: ಸೇತುರಾಮ, ಯಶವಂತಪುರ."

"ಇದು ಹೋದ ತಿಂಗಳು ಸೇತುಗೆ ಚಿನ್ನದ ಪದಕ ಬಂದ ಚಿತ್ರ," ಎಂದ ಗುಂಡಣ್ಣ. "ನಮಗೆಲ್ಲ ಮೈಸೂರುಪಾಕು ಹಂಚಿದ. ಚಿತ್ರ ಮಾತ್ರ ತೋರಿಸಲಿಲ್ಲ, ದೆಹಲಿಗೆ ಹೋಗಿದೆ ಅಂದ."

ಸತ್ಯವತಿ ತುಣುಕನ್ನು ನೋಡಿ, "ಆ ದಿನ ಹೊರಡೋವಾಗ, ಇವತ್ತು ಒಬ್ಬರ ಹತ್ರ ಒಂದು ಮಾತು ಕೇಳಬೇಕು ಅಂದ್ರು. ಯಾರ ಹತ್ರ ಅಂತ ಹೇಳಲಿಲ್ಲ," ಎಂದಳು. ಮತ್ತೆ ನಿಧಾನವಾಗಿ, "ಹೋದ ವರ್ಷ ಅವರೂ ಮಂಜಿನಲ್ಲಿ ತೆಗೆದ ಒಂದು ರೋಲು ಇತ್ತು. ತೊಳೆಯೋವಾಗ ಹಾಳಾಯ್ತು ಅಂತ ಎರಡು ದಿನ ಊಟ ಬಿಟ್ಟಿದ್ರು."

ಆ ಸಂಜೆ ಅಲಮೇಲು ಕ್ಯಾಮೆರಾ ಎತ್ತಿಕೊಂಡು ಒಬ್ಬಳೇ ಹೊರಗೆ ಹೋಗಿ ಕತ್ತಲಾದ ಮೇಲೆ ಬಂದಳು. "ಗುಂಡ," ಎಂದಳು. "ನಾಳೆ ಬೆಳಿಗ್ಗೆ ಬೈರಣ್ಣನ ಜೊತೆ ಆ ಕಲ್ಲುಗುಂಡಿಗೆ ಹೋಗು. ಎಂಟು ಗಂಟೆಗೆ ಬಂಡೆ ಮೇಲೆ ನಿಂತೋನ ನೆರಳು ಯಾವ ಕಡೆ ಬೀಳುತ್ತೆ ನೋಡ್ಕೊಂಡು ಬಾ. ಮತ್ತೆ, ಬೈರಣ್ಣ ಸೈಕಲ್ ಹೊಡೆಯೋವಾಗ ಯಾವ ಕಾಲಿನ ಪ್ಯಾಂಟು ಮಡಿಸ್ತಾನೆ ಅಂತಲೂ ನೋಡು."

"ಬೈರಣ್ಣನ ಜೊತೆ? ಒಬ್ಬನೇ? ಅವನೇ ಆಗಿದ್ರೆ?"

"ಅವನೇ ಆಗಿದ್ರೆ ನೀನು ವಾಪಸ್ ಬರಲ್ಲ. ಆಗ ನಮಗೆ ಗೊತ್ತಾಗುತ್ತೆ," ಎಂದಳು ಅಕ್ಕ, ನಗದೆ.

ತಮಾಷೆಯೆಂದು ಗೊತ್ತಿದ್ದರೂ ಗುಂಡಣ್ಣ ಅಂದು ಮಲಗಲಿಲ್ಲ.

ಭಾನುವಾರ ಅದೇ ಚಳಿ, ಅದೇ ಮಂಜು. ಬೈರಣ್ಣ ಮಾತಿಲ್ಲದೆ ಮುಂದೆ ತುಳಿಯುತ್ತಿದ್ದ. ಅವನ ಖಾಕಿ ಪ್ಯಾಂಟಿನ ಬಲಗಾಲು ಮೊಣಕಾಲಿನವರೆಗೆ ಮಡಿಸಿತ್ತು. ಗುಂಡಣ್ಣ ತನ್ನ ಕಾಲು ನೋಡಿಕೊಂಡ. ಅವನದೂ ಬಲಗಾಲೇ. ಹಿಂದೆ ಕ್ಯಾರಿಯರ್‌ನಲ್ಲಿ ಬೈರಣ್ಣನ ಸ್ಪ್ಯಾನರ್ ಗಡಗಡ ಅನ್ನುತ್ತಿತ್ತು. ಅದರ ಒಂದೊಂದು ಸದ್ದಿಗೂ ಗುಂಡಣ್ಣ ಬ್ರೇಕು ಹಿಡಿದು ಹಿಂದುಳಿಯುತ್ತಿದ್ದ.

ಬಂಡೆಯ ಮೇಲೆ ಗಾಳಿಯೂ ಇರಲಿಲ್ಲ. ಮಂಜು ಚದುರಿಸಿ ಸೂರ್ಯ ಬೆನ್ನ ಹಿಂದೆ ಏರಿ, ಗುಂಡಣ್ಣನ ನೆರಳನ್ನು ಉದ್ದಕ್ಕೆ ಚಾಚಿ ಕಂದಕದ ತುದಿಗೆ ಮುಟ್ಟಿಸಿತ್ತು. ಎಂದಿನ ಮಂಕಿ ಕ್ಯಾಪ್ ಹಾಕಿದ್ದರಿಂದ ನೆರಳಿಗೆ ಬೋಳುತಲೆ ಬಂದಿತ್ತು. ಪಕ್ಕದಲ್ಲಿ ಬೈರಣ್ಣನ ಎಂದಿನ ಟವೆಲ್ ರುಮಾಲಿನ ನೆರಳು ಬಂದು ನಿಂತಿತು. ಆಮೇಲೆ ಆ ನೆರಳು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಕೆಳಗೆ ಕಪ್ಪು ನೀರು. ಒಂದು ಗಟ್ಟಿ ಕೈ ಅವನ ಹೆಗಲ ಮೇಲೆ ಬಿತ್ತು.

ಆ ಕೈ ಅವನನ್ನು ಹಿಂದಕ್ಕೆ ಎಳೆಯಿತು.

"ಇಂದಕ್ಕೆ ಬನ್ನಿ ಸ್ವಾಮಿ! ಒಬ್ರು ಓಗಿದ್ದು ಸಾಲ್ದಾ?" ಎಂದ ಬೈರಣ್ಣ. "ನಾನ್ ಏಳ್ತೀನಿ ಕೇಳಿ. ಎಲ್ಡು ವಾರದಿಂದ ನಾನು ನೀವೇ ತಳ್ಳಿದ್ರಿ ಅಂದ್ಕಂಡಿದ್ದೆ. ಇವತ್ತು ನಿಮ್ ಜೊತೆ ಬರಕ್ಕೇ ಎದ್ರಿಕೆ ಆಯ್ತು. ಅದ್ಕೇ ಸ್ಪ್ಯಾನರ್ ಇಟ್ಕಂಡು ಬಂದೆ."

ಗುಂಡಣ್ಣ ಬಂಡೆಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅಳು ನಿಂತ ಮೇಲೆ ಹೊಸದೊಂದು ಭಯ ಹತ್ತಿಕೊಂಡಿತು. ನಾನಲ್ಲ, ಬೈರಣ್ಣನೂ ಅಲ್ಲ ಅಂದರೆ ಉಳಿದವನು ಒಬ್ಬನೇ. ಅವನು ಪ್ರತಿ ದೀಪಾವಳಿಗೆ ಮನೆಗೆ ಬಂದು ಅಕ್ಕನ ಕಾಲಿಗೆ ನಮಸ್ಕಾರ ಮಾಡುತ್ತಿದ್ದವನು.

ಸೋಮವಾರ ಹನ್ನೊಂದಕ್ಕೆ ಅಲಮೇಲು ಎಲ್ಲರನ್ನೂ ಸೇರಿಸಿದ್ದು ಆರ್.ಟಿ. ನಗರದಲ್ಲೇ, ಖಾದರ್ ಬಾಷಾನ ಸ್ಟುಡಿಯೋದಲ್ಲಿ. ಸೇತುರಾಮ ಬಿಸಿಲಿರಲಿ ಮೋಡವಿರಲಿ ಬಿಡದೆ ಹಾಕುವ ಅಗಲ ಅಂಚಿನ ಹ್ಯಾಟನ್ನು ಕೈಯಲ್ಲಿ ಹಿಡಿದು ಬಂದ.

"ಟೀಚರ್, ಇದೇನು ಹೊಸ ಪದ್ಧತಿ? ನಮ್ಮ ಗುಂಪಿನ ಫಿಲ್ಮು ನಾನಲ್ವಾ ತೊಳೆಯೋದು?"

"ನಿನ್ನ ದುಃಖದಲ್ಲಿ ಕೈ ನಡುಗಿದ್ರೆ ಅಂತ ಬಾಷಾಗೆ ಕೊಟ್ಟೆ. ನೀನೂ ಒಳಗೇ ನಿಂತು ನೋಡ್ಕೊ."

ಹಿಂದೆ ಅಡುಗೆಮನೆಯಾಗಿದ್ದ ಆ ಕತ್ತಲೆಕೋಣೆಯಲ್ಲಿ ಏಳು ಜನ ಒತ್ತೊತ್ತಾಗಿ ನಿಂತರು: ಅಲಮೇಲು, ಸತ್ಯವತಿ, ಇನ್‌ಸ್ಪೆಕ್ಟರ್ ಪಿಳ್ಳಣ್ಣ, ಬೈರಣ್ಣ, ಗುಂಡಣ್ಣ, ಸೇತುರಾಮ, ತಟ್ಟೆಯ ಮುಂದೆ ಬಾಷಾ. ಸೇತುರಾಮ ತಾನಾಗಿಯೇ ಬಾಗಿಲ ಪಕ್ಕ ಜಾಗ ಹಿಡಿದ.

"ನೋಡಿ," ಎಂದ ಬಾಷಾ, "ಈ ಫಿಲ್ಮಿಗೆ ಕೆಂಪು ದೀಪಾನೂ ಆಗಲ್ಲ. ಪೂರಾ ಕತ್ತಲೆ. ಒಂದು ಕಡ್ಡಿ ಗೀರಿದ್ರೂ ಎಲ್ಲಾ ಫೋಟೋ ಖಲಾಸ್. ಹತ್ತು ನಿಮಿಷ ಯಾರೂ ಅಲ್ಲಾಡಬೇಡಿ."

ಅಲಮೇಲು ಕೈ ಚಾಚಿ ದೀಪ ಆರಿಸಿದಳು.

ಗುಂಡಣ್ಣ ಅಂಥ ಕತ್ತಲೆಯನ್ನು ಕಂಡಿರಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಔಷಧದ ಹುಳಿ ವಾಸನೆ, ತಟ್ಟೆಯಲ್ಲಿ ಫಿಲ್ಮ್ ಮೇಲೆ ಕೆಳಗೆ ಆಡುವ ಚಳಕ್ ಚಳಕ್ ಸದ್ದು, ಏಳು ಜನರ ಉಸಿರು. ಅದರಲ್ಲಿ ಒಂದು ಕೊಲೆಗಾರನ ಉಸಿರು, ತನ್ನ ಕಿವಿಯ ಪಕ್ಕದಲ್ಲೇ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಆ ಉಸಿರು ನಿಂತಿತು. ಯಾರದೋ ಬಟ್ಟೆ ಅವನ ತೋಳಿಗೆ ಸವರಿತು. ಗುಂಡಣ್ಣ ತನ್ನ ಕುತ್ತಿಗೆಯ ಮೇಲೆ ಕೈ ಬೀಳುತ್ತದೆಂದು ಕಾದು ಕಲ್ಲಾಗಿ ನಿಂತ.

ಟಪ್ಪೆಂದು ದೀಪ ಹತ್ತಿತು.

"ಅಯ್ಯೋ!" ಎಂದು ಸೇತುರಾಮ ಹಣೆ ಚಚ್ಚಿಕೊಂಡ. "ಮೊಣಕೈ ತಾಗಿಬಿಡ್ತು! ಎಲ್ಲಾ ಹೋಯ್ತಲ್ಲಪ್ಪ, ಉಪ್ಪೀ ಕೊನೇ ಫಿಲ್ಮು..."

"ಮೊಣಕೈ ಇರಲಿ. ಬೆರಳು ತೋರಿಸು," ಎಂದಳು ಅಲಮೇಲು.

ಅವನ ಬಲಗೈಯ ತೋರುಬೆರಳು ಕಪ್ಪಾಗಿತ್ತು. ಅಷ್ಟೇ ಕಪ್ಪು ಗುರುತು ಅವನ ಹಣೆಯ ಮೇಲೂ ಮೂಡಿತ್ತು.

"ಸ್ವಿಚ್ಚಿಗೆ ಕಾಡಿಗೆ ಹಚ್ಚಿದ್ದೆ. ಚೀಟಿ ಎಸೆದು ನಾನಲ್ಲ ಅನ್ನೋ ಹುಡುಗೀರನ್ನ ಹೀಗೇ ಹಿಡೀತಿದ್ದೆ. ಇಪ್ಪತ್ತು ವರ್ಷ ಕತ್ತಲೆಕೋಣೇಲಿ ಬೆಳೆದ ನಿನ್ನ ಕೈ ತಪ್ಪಿ ಸ್ವಿಚ್ಚಿಗೆ ಹೋಗಲ್ಲ ಸೇತು. ತಟ್ಟೇಲಿರೋದು ಬಾಷಾನ ಖಾಲಿ ಫಿಲ್ಮು. ಉಪೇಂದ್ರಂದು ಶನಿವಾರ ಸಂಜೆಯೇ ತೊಳೆದಾಯ್ತು."

ಹೊರಗಿನ ಕೋಣೆಗೆ ಬಂದು ಎಲ್ಲರೂ ಕೂತರು. ಪಿಳ್ಳಣ್ಣ ಬಾಗಿಲಿಗೆ ಅಡ್ಡ ನಿಂತರು. ಅಲಮೇಲು ಪಾಠ ಹೇಳುವವಳಂತೆ ನಿಧಾನವಾಗಿ ಶುರು ಮಾಡಿದಳು.

"ಮೊದಲು ನನಗೆ ಚುಚ್ಚಿದ್ದು ಕ್ಯಾಮೆರಾ ಇದ್ದ ರೀತಿ. ಗೂಬೆ ಫೋಟೋ ತೆಗೆಯೋಕೆ ಹೋದೋನು ಕ್ಯಾಮೆರಾ ಚೀಲಕ್ಕೆ ಹಾಕಿ, ಗುಂಡಿ ಹಾಕಿ, ಬರಿಗೈಲಿ ತುದಿಗೆ ಹೋಗ್ತಾನಾ? ಬೇರೆ ಯಾರೋ ಅದನ್ನ ಜೋಪಾನ ಮಾಡಿದಾರೆ. ಮನುಷ್ಯನ್ನ ಕಂದಕಕ್ಕೆ ಕಳಿಸಿದ ಕೈಗೆ ಕ್ಯಾಮೆರಾ ಬಿಸಿಲಲ್ಲಿಡೋಕೆ ಮನಸ್ಸು ಬರಲಿಲ್ಲ. ಅದು ಕಸುಬಿನ ಕೈ. ಎರಡನೇದು, ತಿರುಗಿಸದೆ ಬಿಟ್ಟ ಹಿಡಿ. ಏಳನೇ ಫೋಟೋ ತೆಗೆದೋನು ಉಪೇಂದ್ರ ಅಲ್ಲ."

ಪತ್ರಿಕೆಯ ತುಣುಕನ್ನು ಅವಳು ಬೈರಣ್ಣನ ಕೈಗೆ ಕೊಟ್ಟಳು. "ಇವನು ಯಾವ ಕಾಲು ಮಡಿಸಿದಾನೆ ನೋಡಪ್ಪ."

ಬೈರಣ್ಣ ಹುಬ್ಬು ಗಂಟಿಕ್ಕಿದ. "ಎಡಗಾಲು. ಇವನ್ಯಾವ ದಡ್ಡ? ಚೈನು ಬಲಕ್ಕಿರೋವಾಗ ಎಡಗಾಲು ಯಾಕ್ ಮಡಿಸ್ತಾನೆ?"

"ಅಲ್ಲಿ ಕನ್ನಡಿಯಲ್ಲಿ ನೋಡು."

ಗೋಡೆಯ ಕನ್ನಡಿಗೆ ಹಿಡಿದಾಗ ಬೈರಣ್ಣನ ಬಾಯಿ ತೆರೆದೇ ಉಳಿಯಿತು. "ಇದು ನಮ್ಮ ಊರ ಕೆರೆ ಏರಿ! ಇದು ನಾನೇ!"

"ನೀನೇ. ಹೋದ ವರ್ಷ ಉಪೇಂದ್ರ ತೆಗೆದದ್ದು. ತೊಳೆಯೋವಾಗ ಹಾಳಾಯ್ತು ಅಂತ ಸೇತು ಆ ಫಿಲ್ಮನ್ನ ಇಟ್ಕೊಂಡ. ಗುರುತು ಸಿಗಬಾರದು ಅಂತ ಮಗುಚಿ ಹಾಕಿ ಪ್ರಿಂಟ್ ಮಾಡಿದ, ಎಡ ಬಲ ಆಯ್ತು. ಪ್ಯಾಂಟಿನ ಕಾಲು ನೆನಪಾಗಲಿಲ್ಲ. ಉಪೇಂದ್ರನಿಗೆ ಪತ್ರಿಕೆ ಸಿಕ್ತು. ಬಂಡೆ ಮೇಲೆ ಏನು ಕೇಳಿದ ಅಂತ ನೀನೇ ಹೇಳು ಸೇತು."

ಸೇತುರಾಮ ಹ್ಯಾಟನ್ನು ಪಕ್ಕದ ಕುರ್ಚಿಯ ಮೇಲಿಟ್ಟ. "ಒಂದು ವಾರ ಟೈಮ್ ಕೊಟ್ಟ. ನೀನೇ ಬರೆದು ಪದಕ ವಾಪಸ್ ಕಳಿಸು, ಯಾರಿಗೂ ಹೇಳಲ್ಲ, ನಾವು ಗೆಳೆಯರು ಅಂದ. ಜನ್ಮವೆಲ್ಲ ಕಂಡೋರ ಮದುವೆ ಫೋಟೋ ತೆಗೆದೆ ಟೀಚರ್. ಒಂದೇ ಒಂದು ಸಲ ನನ್ನ ಹೆಸರು ಅಚ್ಚಾಗಿತ್ತು."

"ಆಮೇಲೆ?"

"ಸರಿ ಅಂದೆ. ಅವನು ಖುಷಿಯಾದ. ಬಾ, ನಿಂದೊಂದು ಫೋಟೋ ತೆಗೀತೀನಿ ಅಂತ ಅವನ ಕ್ಯಾಮೆರಾನೇ ಇಸ್ಕೊಂಡೆ." ಅವನು ಮುಖ ಮುಚ್ಚಿಕೊಂಡ. "ನಾನು ತಳ್ಳಲಿಲ್ಲ. ಇನ್ನೊಂದು ಹೆಜ್ಜೆ ಹಿಂದಕ್ಕೆ ಅಂದೆ, ಅಷ್ಟೇ. ಮತ್ತೆ ಇನ್ನೊಂದು ಅಂದೆ."

ಸತ್ಯವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಫಿಲ್ಮನ್ನ ಯಾಕ್ರೀ ಕ್ಯಾಮೆರಾದಲ್ಲೇ ಬಿಟ್ರಿ?" ಎಂದರು ಪಿಳ್ಳಣ್ಣ.

"ತೆಗೆದಿದ್ರೆ ಅನುಮಾನ ಬರ್ತಿತ್ತು," ಎಂದಳು ಅಲಮೇಲು. "ಬಿಟ್ರೆ ಆರು ವರ್ಷದ ಪದ್ಧತಿಯಂತೆ ತಾನಾಗೇ ಇವನ ಚೀಲಕ್ಕೆ ಬರೋದು. ಉಪೇಂದ್ರನ ಅಮ್ಮನ ಸೂತಕದ ಬೀಗ ಒಂದು ಅಡ್ಡ ಬಂತು." ಅವಳು ಲಕೋಟೆಯಿಂದ ಒಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಳು.

ಏಳನೇ ಫೋಟೋ. ಬಂಡೆಯ ತುದಿಯಲ್ಲಿ ಉಪೇಂದ್ರ, ಕೈ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ ನಗುತ್ತಿದ್ದಾನೆ. ಅವನ ಕಾಲ ಬಳಿಗೆ ಚಾಚಿ ಬಿದ್ದಿರುವ ಒಂದು ನೆರಳು: ಬಗ್ಗಿದ ತಲೆ, ಅದರ ಸುತ್ತ ಹ್ಯಾಟಿನ ಅಗಲ ಅಂಚು. ಮಂಕಿ ಕ್ಯಾಪೂ ಅಲ್ಲ, ರುಮಾಲೂ ಅಲ್ಲ.

"ಫೋಟೋದಲ್ಲಿ ತನ್ನ ನೆರಳು ಬೀಳಬಾರದು ಅನ್ನೋದು ಕಸುಬಿನ ಮೊದಲ ಪಾಠ ಅಂತ ಬಾಷಾ ಹೇಳಿದ," ಎಂದಳು ಅಲಮೇಲು. "ಆದ್ರೆ ಇವನು ಅವತ್ತು ನೋಡ್ತಿದ್ದದ್ದು ಫೋಟೋ ಅಲ್ಲ, ಉಪೇಂದ್ರನ ಹಿಮ್ಮಡಿ. ಅವನು ನಕ್ಕ, ಇವನ ಬೆರಳು ಅಭ್ಯಾಸಬಲದಿಂದ ಒತ್ತಿಬಿಡ್ತು."

ಪಿಳ್ಳಣ್ಣ ಸೇತುರಾಮನನ್ನು ಕರೆದುಕೊಂಡು ಹೋದರು. ಹೋಗುವಾಗ ಅವನು ಹ್ಯಾಟನ್ನು ಕುರ್ಚಿಯ ಮೇಲೇ ಮರೆತ. ಯಾರೂ ಅದನ್ನು ಮುಟ್ಟಲಿಲ್ಲ.

ಸತ್ಯವತಿ ಗುಂಡಣ್ಣನ ಎದುರಿಗೆ ಬಂದು ನಿಂತಳು. ಈ ಸಲ ಹಿಂದೆ ಸರಿಯಲಿಲ್ಲ. "ಕ್ಷಮಿಸು," ಅಂದಳು. ಗುಂಡಣ್ಣನ ಎದೆಯ ಮೇಲೆ ಎರಡು ವಾರ ಕೂತಿದ್ದ ಹೆದರಿಕೆ ಇಳಿದು ಹೋಗಿತ್ತು. ಅದು ಬಿಟ್ಟುಹೋದ ಜಾಗದಲ್ಲಿ ಗೆಳೆಯ ಇಲ್ಲವೆಂಬುದು ಈಗ ಮೊದಲ ಸಲ ತಟ್ಟಿತು.

ಅವಳು ಫೋಟೋವನ್ನು ಬಾಷಾನ ಮುಂದೆ ಹಿಡಿದಳು. "ಮದುವೆ ಆದ್ಮೇಲೆ ಅವರದ್ದು ಒಂದೂ ಫೋಟೋ ಇಲ್ಲ. ಯಾವಾಗಲೂ ಅವರೇ ತೆಗೆಯೋರು. ನಗ್ತಿರೋದು ಇದೊಂದೇ. ಕೋರ್ಟಿಗೆ ಬೇಕಾದ್ದು ಕೋರ್ಟಿಗೆ ಇರಲಿ. ನನಗೆ ಒಂದು ಪ್ರಿಂಟ್ ಹಾಕಿಕೊಡಿ ಬಾಷಾ ಅವರೇ. ಆ ನೆರಳನ್ನ ಬಿಟ್ಟು."

ಬಾಷಾ ಅಳತೆಪಟ್ಟಿ ಇಟ್ಟು ನೋಡಿದ. ನೆರಳಿನ ತಲೆ ಉಪೇಂದ್ರನ ಕಾಲಿನ ಮೇಲೇ ಬಿದ್ದಿತ್ತು. "ನೆರಳು ಪೂರಾ ಹೋಗ್ಬೇಕಂದ್ರೆ ಮೊಣಕ್ಕಾಲಿಂದ ಕೆಳಗೆ ಕತ್ತರಿಸ್ಬೇಕಾಗುತ್ತೆ ಅಮ್ಮ. ಅವರು ಎಲ್ಲಿ ನಿಂತಿದ್ರು ಅಂತ ಕಾಣಲ್ಲ."

"ಕಾಣೋದು ಬೇಡ," ಎಂದಳು ಸತ್ಯವತಿ.